ಆಸ್ಟರ್ ಯಾಕೆ ಕೈಕೊಟ್ಟಿತು? ಬೀಜದಿಂದ ಹೂವಿನವರೆಗೆ ದೋಷ ಹುಡುಕುವ ಕೈಪಿಡಿ

ಕೆ.ಆರ್. ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಆಸ್ಟರ್ ಹೂ ಮನೆಯ ಕುಂಡದಲ್ಲಿ ಮಾತ್ರ ಸತಾಯಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ರೈತರು ಹೊಲದಲ್ಲಿ ಬೆಳೆದು ಮಾರುವ ಗಿಡ ಇದು, ಹಾಗಾಗಿ ನಮ್ಮ ಹವೆಗೆ ಹೊಂದುವುದಿಲ್ಲ ಎನ್ನುವ ಮಾತಿಲ್ಲ. ತೊಂದರೆ ಇರುವುದು ಇದರ ಸ್ವಭಾವದಲ್ಲಿ. ಬೀಜದಿಂದಲೇ ಹುಟ್ಟಬೇಕು, ಒಂದು ಸಲ ಹೂ ಬಿಟ್ಟು ಒಣಗಬೇಕು. ದಾಸವಾಳದ ಹಾಗೆ ಕಡ್ಡಿ ನೆಟ್ಟು ಬೆಳೆಸುವುದಕ್ಕಾಗಲಿ, ಗುಲಾಬಿಯ ಹಾಗೆ ಸವರಿಬಿಟ್ಟು ಮತ್ತೆ ಚಿಗುರಲಿ ಎಂದು ಕಾಯುವುದಕ್ಕಾಗಲಿ ಬರುವುದಿಲ್ಲ. ದೋಷವನ್ನು ಹೊತ್ತಿಗೆ ಸರಿಯಾಗಿ ಗುರುತಿಸದಿದ್ದರೆ ಆ ಹಂಗಾಮು ಹೋದಂತೆಯೇ.

ಮನೆಯಂಗಳದ ಆಸ್ಟರ್ ಕೆಡುವುದಕ್ಕೆ ಕಾರಣ ಹುಡುಕುತ್ತ ಹೋದರೆ ಹೆಚ್ಚಿನ ಸಲ ಎರಡು ಹಳೆಯ ವಸ್ತುಗಳ ಹತ್ತಿರ ಬಂದು ನಿಲ್ಲುತ್ತೇವೆ: ಹಳೇ ಬೀಜ, ಹಳೇ ಮಣ್ಣು. ಔಷಧಿ ಅಂಗಡಿಗೆ ಹೋಗುವ ಮೊದಲು ಈ ಎರಡನ್ನೂ ಪ್ರಶ್ನಿಸಿ.

ಎಲ್ಲವೂ ಸರಿಯಿದ್ದರೆ ಗಿಡದ ದಿನಚರಿ ಹೀಗಿರುತ್ತದೆ. ಬಿತ್ತಿದ 6ರಿಂದ 10 ದಿನಕ್ಕೆ ಮೊಳಕೆ. 30-35 ದಿನಕ್ಕೆ ನಾಲ್ಕರಿಂದ ಆರು ಎಲೆ, ಆಗ ನಾಟಿ. ನಾಟಿಯಾಗಿ ಸುಮಾರು ಒಂದು ತಿಂಗಳಿಗೆ ಕುಡಿ ಚಿವುಟುವುದು. ಬಿತ್ತಿದ ದಿನದಿಂದ ಮೂರೂವರೆ, ನಾಲ್ಕು ತಿಂಗಳಿಗೆ ಹೂ. ನಿಮ್ಮ ಗಿಡ ಈ ಲೆಕ್ಕದಿಂದ ಎಲ್ಲಿ ತಪ್ಪಿತು ಎಂದು ನೋಡಿಕೊಂಡು ಕೆಳಗಿನ ಭಾಗಕ್ಕೆ ಹೋಗಿ.

ಹತ್ತು ದಿನ ಕಳೆದರೂ ಒಂದೂ ಮೊಳೆತಿಲ್ಲ

ಮೊದಲು ಪೊಟ್ಟಣ ತಿರುಗಿಸಿ ದಿನಾಂಕ ನೋಡಿ. ಆಸ್ಟರ್ ಬೀಜಕ್ಕೆ ಆಯುಷ್ಯ ಕಡಿಮೆ. ಸಾಮಾನ್ಯ ಕೋಣೆಯಲ್ಲಿ ಇಟ್ಟರೆ ಒಂದು ವರ್ಷ ದಾಟುವುದೇ ಕಷ್ಟ, ಅದರ ನಡುವೆ ಒಂದು ಮಳೆಗಾಲ ಬಂದರೆ ಮುಗಿಯಿತು. ಕಳೆದ ವರ್ಷ ಉಳಿದ ಅರ್ಧ ಪೊಟ್ಟಣವನ್ನು ಈ ವರ್ಷ ಸುರಿದು ಕಾಯುವುದು ವ್ಯರ್ಥ ಕೆಲಸ.

ದಿನಾಂಕ ಸರಿಯಿದ್ದೂ ಅನುಮಾನವಿದ್ದರೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಟಿಶ್ಯೂ ಕಾಗದವನ್ನು ಒದ್ದೆ ಮಾಡಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಹಾಸಿ. ಮೇಲೆ ಸಾಲಾಗಿ 20 ಬೀಜ ಇಡಿ. ಮುಚ್ಚಳ ಹಾಕಿ ಅಡುಗೆಮನೆಯ ತಂಪಾದ ಮೂಲೆಯಲ್ಲಿಟ್ಟು, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ಹತ್ತನೇ ದಿನ ಎಣಿಸಿ. 14ಕ್ಕಿಂತ ಹೆಚ್ಚು ಬೇರು ಬಿಟ್ಟಿದ್ದರೆ ಬೀಜದ್ದೇನೂ ತಪ್ಪಿಲ್ಲ, ದೋಷ ಮಣ್ಣಿನಲ್ಲೋ ನೀರಿನಲ್ಲೋ ಇದೆ. ಎಂಟರಿಂದ ಹದಿನಾಲ್ಕರ ನಡುವೆ ಇದ್ದರೆ ಎರಡರಷ್ಟು ದಟ್ಟವಾಗಿ ಬಿತ್ತಿ. ಅದಕ್ಕೂ ಕಡಿಮೆಯಾದರೆ ಹೊಸ ಬೀಜ ತನ್ನಿ. ಒಂದು ಗ್ರಾಮಿಗೆ ಸುಮಾರು 400-500 ಬೀಜ ಬರುವುದರಿಂದ ಮನೆಗೆ ಒಂದು ಗ್ರಾಮೇ ಧಾರಾಳ.

ಬೀಜ ಚೆನ್ನಾಗಿದ್ದರೆ ಮುಂದಿನ ಪ್ರಶ್ನೆ: ಎಷ್ಟು ಆಳಕ್ಕೆ ಹಾಕಿದಿರಿ? ಅವರೆಕಾಳು ಊರುವ ಹಾಗೆ ಬೆರಳಿನಿಂದ ಒತ್ತಿದ್ದರೆ ಮೇಲೆ ಬರುವ ಶಕ್ತಿ ಅದಕ್ಕಿಲ್ಲ. 3ರಿಂದ 5 ಮಿಲಿಮೀಟರ್ ಸಾಕು. ಅಂದರೆ ಬೀಜ ಉದುರಿಸಿ, ಜರಡಿ ಹಿಡಿದ ಎರೆಗೊಬ್ಬರವನ್ನು ರಂಗೋಲಿ ಪುಡಿ ಚೆಲ್ಲುವಂತೆ ಮೇಲೆ ತೆಳ್ಳಗೆ ಉದುರಿಸಿದರೆ ಆಯಿತು. ನೀರನ್ನು ಚೆಂಬಿನಿಂದ ಸುರಿದರೆ ಬೀಜ ಒಂದು ಮೂಲೆಗೆ ಕೊಚ್ಚಿಕೊಂಡು ಹೋಗಿರುತ್ತದೆ. ಒಂದೇ ಕಡೆ ಗುಂಪಾಗಿ ಮೊಳೆತು ಉಳಿದ ಕಡೆ ಬೋಳಾಗಿದ್ದರೆ ಇದೇ ಕಾರಣ.

ಆಮೇಲೆ ಬಿಸಿಲು. ಆಸ್ಟರ್ ಮೂಲತಃ ಚೀನಾ, ಕೊರಿಯಾ ಕಡೆಯ ಗಿಡ. ಮಣ್ಣಿನ ಉಷ್ಣತೆ 20-25 ಡಿಗ್ರಿ ಇದ್ದಾಗ ಖುಷಿಯಾಗಿ ಮೊಳೆಯುತ್ತದೆ. ಏಪ್ರಿಲ್ ತಿಂಗಳ ತಾರಸಿಯಲ್ಲಿ ಕಪ್ಪು ಪ್ರೊ-ಟ್ರೇಯ (ಸಸಿ ಬೆಳೆಸುವ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ಗುಳಿಯೊಳಗೆ ಕೈಯಿಟ್ಟು ನೋಡಿ, ಬೀಜ ಬೇಯುವಂತಿರುತ್ತದೆ. ಬೇಸಿಗೆಯಲ್ಲಿ ಬಿತ್ತಲೇಬೇಕಾದರೆ ಮೊಳಕೆ ಬರುವವರೆಗೆ ಟ್ರೇಯನ್ನು ಮನೆಯ ಒಳಗೋ ನೆರಳಿನಲ್ಲೋ ಇಡಿ.

ಇದಾವುದೂ ಅಲ್ಲ, ಆದರೂ ಸಾಲಿನಲ್ಲಿ ಬೀಜವೇ ಕಾಣುತ್ತಿಲ್ಲ ಎಂದರೆ ಇರುವೆ ಹೊತ್ತುಕೊಂಡು ಹೋಗಿರಬಹುದು. ಟ್ರೇಯ ಮೇಲೆ ಸಣ್ಣ ಸಣ್ಣ ತೂತು, ಅಂಚಿನಲ್ಲಿ ಇರುವೆ ಸಾಲು ಕಂಡರೆ ಖಚಿತ. ಒಂದು ತಟ್ಟೆಯಲ್ಲಿ ನೀರು ತುಂಬಿ, ನಡುವೆ ಇಟ್ಟಿಗೆ ಇಟ್ಟು, ಅದರ ಮೇಲೆ ಟ್ರೇ ಕೂರಿಸಿ. ತುಪ್ಪದ ಪಾತ್ರೆಗೆ ಮಾಡುವ ಉಪಾಯವೇ ಇಲ್ಲಿಗೂ. ಸೊಳ್ಳೆ ಮರಿ ಆಗದಂತೆ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ.

ಮೊಳೆತವು, ಆದರೆ ಎಲೆಯ ಅಂಚು ಸುಟ್ಟಂತಾಗಿ ಅಲ್ಲೇ ನಿಂತಿವೆ

ಕೋಕೋಪಿಟ್, ಅಂದರೆ ಇಟ್ಟಿಗೆಯಂತೆ ಒತ್ತಿ ಮಾರುವ ತೆಂಗಿನ ನಾರಿನ ಪುಡಿ, ತೊಳೆದು ಬಳಸಿದ್ದೀರಾ? ತೊಳೆಯದ ಕೋಕೋಪಿಟ್ಟಿನಲ್ಲಿ ಉಪ್ಪಿನಂಶ ಹೆಚ್ಚಿರುತ್ತದೆ, ಎಳೆಯ ಬೇರು ಅದನ್ನು ತಾಳುವುದಿಲ್ಲ. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ನೀರು ಚೆಲ್ಲಿ, ಹೀಗೆ ಎರಡು ಮೂರು ಸಲ ಮಾಡಬೇಕು. ಕೊನೆಯ ನೀರು ತಿಳಿ ಚಹಾದ ಬಣ್ಣಕ್ಕೆ ಬಂದರೆ ಸಾಕು. ಪೂರ್ತಿ ಕಳಿಯದ ಕೊಟ್ಟಿಗೆ ಗೊಬ್ಬರವೂ ಇದೇ ಚಿಹ್ನೆ ತೋರಿಸುತ್ತದೆ. ಗೊಬ್ಬರಕ್ಕೆ ಸಗಣಿಯ ವಾಸನೆ ಇನ್ನೂ ಇದ್ದರೆ, ಕೈಯಿಟ್ಟಾಗ ಬೆಚ್ಚಗಿದ್ದರೆ ಅದು ಸಸಿಗೆ ಯೋಗ್ಯವಲ್ಲ.

ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಮಲಗಿದೆ

ಎರಡು ಎಲೆಯ ಸಸಿಗಳು ಬುಡದಲ್ಲಿ ದಾರ ಕಟ್ಟಿದಂತೆ ಸಣ್ಣಗಾಗಿ, ನೀರುನೀರಾಗಿ, ಪಕ್ಕಕ್ಕೆ ಒರಗಿವೆ. ಎಲೆ ಇನ್ನೂ ಹಸಿರೇ ಇದೆ. ಟ್ರೇಯ ಒಂದು ಕಡೆ ಶುರುವಾಗಿ ಎರಡು ಮೂರು ದಿನದಲ್ಲಿ ವೃತ್ತಾಕಾರವಾಗಿ ಹರಡುತ್ತದೆ. ಇದು ಸಸಿ ಸಾಯುವ ರೋಗ, ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ. ಅದಕ್ಕೆ ಆಹ್ವಾನ ಕೊಡುವುದು ಮಾತ್ರ ನಾವೇ: ದಟ್ಟ ಬಿತ್ತನೆ, ಸಂಜೆ ನೀರು, ಗಾಳಿಯಿಲ್ಲದ ಜಾಗ.

ಬಿದ್ದ ಸಸಿ ಏಳುವುದಿಲ್ಲ, ಅದಕ್ಕಾಗಿ ಏನೂ ಮಾಡಬೇಡಿ. ಉಳಿದವನ್ನು ಉಳಿಸಿಕೊಳ್ಳಿ. ಬಿದ್ದವುಗಳ ಸುತ್ತ ಎರಡು ಬೆರಳಗಲದ ಮಣ್ಣನ್ನೂ ಸೇರಿಸಿ ಚಮಚದಿಂದ ತೆಗೆದು ಕಸಕ್ಕೆ ಹಾಕಿ. ಮುಚ್ಚಿದ ಪ್ಲಾಸ್ಟಿಕ್ ಹಾಳೆ ಇದ್ದರೆ ತೆಗೆಯಿರಿ. ಒಂದು ದಿನ ನೀರು ನಿಲ್ಲಿಸಿ, ಮೇಲ್ಮಣ್ಣಿನ ಬಣ್ಣ ತಿಳಿಯಾಗಲಿ. ಆಮೇಲೆ ಬೆಳಗ್ಗೆ ಹೊತ್ತು ಮಾತ್ರ, ಟ್ರೇಯ ಕೆಳಗಿನ ತಟ್ಟೆಗೆ ನೀರು ಹಾಕಿ ಹತ್ತು ನಿಮಿಷ ಹೀರಿಸಿ, ಮಿಕ್ಕಿದ್ದನ್ನು ಚೆಲ್ಲಿ.

ಅಷ್ಟಕ್ಕೂ ನಿಲ್ಲದಿದ್ದರೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ಲೀಟರಿಗೆ 3 ಗ್ರಾಂನಂತೆ ಕರಗಿಸಿ ಬುಡ ನೆನೆಯುವಷ್ಟು ಹಾಕಬಹುದು. ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ ಬಳಸಿದ ಮಣ್ಣಿಗೆ ಇದನ್ನು ಸುರಿಯಬೇಡಿ, ಅದೂ ಸಾಯುತ್ತದೆ. ಟ್ರೈಕೋಡರ್ಮಾ ಮುಂಜಾಗ್ರತೆಗೆ ಇರುವುದು. ಚೆನ್ನಾಗಿ ಕಳಿತ ಗೊಬ್ಬರ ಒಂದು ಕಿಲೋಗೆ 10 ಗ್ರಾಂ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ಒಂದು ವಾರ ನೆರಳಲ್ಲಿಟ್ಟು ಆಮೇಲೆ ಮಣ್ಣಿಗೆ ಸೇರಿಸಬೇಕು. ರೋಗ ಬಂದ ಮೇಲೆ ಹಾಕಿದರೆ ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಬುಡ ಸಣ್ಣಗಾಗಿಲ್ಲ, ಬದಲಿಗೆ ಕತ್ತರಿಸಿ ಹಾಕಿದಂತಿದೆ ಎಂದರೆ ರೋಗವಲ್ಲ. ರಾತ್ರಿ ಟಾರ್ಚ್ ಹಿಡಿದು ನೋಡಿ, ಬಸವನಹುಳುವೋ ಸಸಿ ಕತ್ತರಿಸುವ, ಕಂಬಳಿಹುಳುವಿನಂಥ ಹುಳುವೋ ಸಿಗುತ್ತದೆ. ಕೈಯಿಂದ ಆರಿಸಿ ತೆಗೆಯುವುದೇ ಮನೆಗೆ ಸರಿಯಾದ ಮದ್ದು.

ಸಸಿ ನೂಲಿನಂತೆ ಉದ್ದವಾಗಿ ಬಾಗಿದೆ

ಬೆಳಕು ಸಾಲದು. ಬೇರೆ ಕಾರಣ ಹುಡುಕುವುದೇ ಬೇಡ. ಮೊಳಕೆ ಕಂಡ ಮರುದಿನದಿಂದಲೇ ಬೆಳಗಿನ ಬಿಸಿಲಿಗೆ ತರಬೇಕು. ಒಂದು ವಾರದಲ್ಲಿ ದಿನಕ್ಕೆ ನಾಲ್ಕು ಗಂಟೆ, ನಾಟಿಯ ಹೊತ್ತಿಗೆ ಆರು ಗಂಟೆ ಬಿಸಿಲು ಸಿಗಲಿ. ಈಗಾಗಲೇ ಉದ್ದವಾದವನ್ನು ನಾಟಿ ಮಾಡುವಾಗ ಮೊದಲ ಎಲೆಗಳ ಬುಡದವರೆಗೆ ಮಣ್ಣು ಕೊಡಬಹುದು. ಅದಕ್ಕಿಂತ ಆಳಕ್ಕೆ ಹೂಳಿದರೆ ಬುಡ ಕೊಳೆಯುತ್ತದೆ. ಆಸ್ಟರ್ ಟೊಮೇಟೊ ಅಲ್ಲ, ಹೂತ ಕಾಂಡದಿಂದ ಬೇರು ಬಿಡುತ್ತದೆಂದು ನೆಚ್ಚಬೇಡಿ.

ನಾಟಿಯಾದ ಮೇಲೆ ಗಿಡ ನೆಲಕ್ಕಂಟಿ ಕೂತಿದೆ, ಮೇಲೇಳುತ್ತಿಲ್ಲ

ಎಲೆ ಹಸಿರಾಗಿದೆ, ರೋಗವೇನೂ ಕಾಣುವುದಿಲ್ಲ, ಆದರೆ ಗಿಡ ಎಲೆಕೋಸಿನ ಸಸಿಯ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿದೆ. ಕೆಲವೊಮ್ಮೆ ಗೇಣುದ್ದವೂ ಆಗದೆ ಒಂದು ಬಡಕಲು ಮೊಗ್ಗು ತೋರಿಸುತ್ತದೆ.

ಸುಲಭದ ತಪಾಸಣೆ ಮೊದಲು. ಸಸಿಯನ್ನು ಟ್ರೇಯಲ್ಲಿ 45 ದಿನಕ್ಕಿಂತ ಹೆಚ್ಚು ಇಟ್ಟಿದ್ದರೆ ಅಲ್ಲೇ ಮುಪ್ಪಾಗಿರುತ್ತದೆ, ಅಂಥದ್ದು ನಾಟಿಯಾದ ಮೇಲೂ ಚೇತರಿಸಿಕೊಳ್ಳುವುದಿಲ್ಲ. ಕುಂಡ ಸಣ್ಣದೇ? ಒಂದು ಗಿಡಕ್ಕೆ ಎಂಟರಿಂದ ಹತ್ತು ಇಂಚಿನ ಕುಂಡ ಬೇಕು, ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದಡಿ.

ಅವೆರಡೂ ಸರಿಯಿದ್ದರೆ ಒಂದು ಗಿಡವನ್ನು ತ್ಯಾಗ ಮಾಡಿ ಕಿತ್ತು, ಬಕೆಟ್ ನೀರಿನಲ್ಲಿ ಬೇರು ತೊಳೆದು ನೋಡಿ. ಬೇರಿನ ಉದ್ದಕ್ಕೂ ಸಣ್ಣ ಗಂಟುಗಳಿದ್ದು, ಉಜ್ಜಿದರೂ ಬಿಡದಿದ್ದರೆ ಅದು ಬೇರುಗಂಟು ಜಂತುಹುಳು. ಕಡಲೆಕಾಯಿ, ಅವರೆಯ ಬೇರಿನ ಗಂಟು ಒಳ್ಳೆಯದು, ಆಸ್ಟರ್ ಬೇರಿನಲ್ಲಿ ಯಾವ ಗಂಟೂ ಒಳ್ಳೆಯದಲ್ಲ. ಆ ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ, ಮುಂದಿನ ಹಂಗಾಮಿಗೆ ಅಲ್ಲಿ ಚೆಂಡುಹೂ ಹಾಕಿ. ಚೆಂಡುಹೂವಿನ ಬೇರು ಈ ಜಂತುವನ್ನು ಕಡಿಮೆ ಮಾಡುತ್ತದೆ.

ಬೇರೂ ಶುದ್ಧವಾಗಿದ್ದರೆ ಕಾರಣ ಆಕಾಶದಲ್ಲಿದೆ. ಆಸ್ಟರ್‌ಗೆ ಹಗಲಿನ ಉದ್ದ ಮುಖ್ಯ. ಎಳೆಯ ಗಿಡ ಕಾಂಡ ಚಾಚಬೇಕಾದರೆ ಉದ್ದ ಹಗಲು ಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷ. ಚಳಿ ದೇಶಗಳ ಹದಿನೈದು ಹದಿನಾರು ಗಂಟೆಯ ಬೇಸಿಗೆ ಹಗಲಿಗೆಂದು ರೂಪಿಸಿದ ವಿದೇಶಿ ತಳಿಯ ಬೀಜವನ್ನು ನವೆಂಬರಿನಲ್ಲಿ ಇಲ್ಲಿ ಬಿತ್ತಿದರೆ ಗಿಡ ಕೂತಲ್ಲೇ ಕೂರುತ್ತದೆ. ಗೊಬ್ಬರ ಎಷ್ಟು ಸುರಿದರೂ ಏಳುವುದಿಲ್ಲ. ಪೊಟ್ಟಣದ ಮೇಲಿನ ಚಿತ್ರ ನೋಡಿ ಮರುಳಾಗುವುದು ಇಲ್ಲೇ.

ಇದಕ್ಕೆ ಎರಡು ದಾರಿ. ಒಂದು, ತಳಿ ಬದಲಿಸುವುದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಶನ್ ತಳಿಗಳಿವೆ, ಮಹಾರಾಷ್ಟ್ರದ ಫುಲೆ ಗಣೇಶ್ ಹೆಸರಿನ ತಳಿಗಳಿವೆ. ಕಾಮಿನಿ ಗುಲಾಬಿ ಬಣ್ಣ, ಪೂರ್ಣಿಮಾ ಬಿಳಿ. ಇವು ಈ ಕಡೆಯ ಹವೆಯಲ್ಲೇ ಆರಿಸಿ ತೆಗೆದವು. ಇನ್ನೊಂದು, ಹಗಲನ್ನೇ ಉದ್ದ ಮಾಡುವುದು: ನಾಲ್ಕೈದು ಎಲೆಯ ಹಂತದಿಂದ ಸುಮಾರು ನಾಲ್ಕು ವಾರ, ಗಿಡದ ಮೂರಡಿ ಮೇಲೆ ಒಂಬತ್ತು ವಾಟಿನ ಎಲ್‌ಇಡಿ ಬಲ್ಬು, ಸಂಜೆ 6ರಿಂದ 10ರವರೆಗೆ. ಕಾಂಡ ಗೇಣುದ್ದ ಬಂದ ಮೇಲೆ ನಿಲ್ಲಿಸಿ. ತಾರಸಿಯ ಬಯಲಿಗೆ ವೈರು ಎಳೆಯುವುದಾದರೆ ಮಳೆ ನೀರು ತಾಗದ ಹೋಲ್ಡರ್ ಇರಲಿ, ನೀರು ಹಾಕುವ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಬನ್ನಿ. ನಾಲ್ಕು ಗಿಡಕ್ಕಾಗಿ ಇಷ್ಟು ಪರದಾಡುವುದಕ್ಕಿಂತ ತಳಿ ಬದಲಿಸುವುದೇ ವಾಸಿ.

ಎಲೆ ಹಳದಿಯಾಗಿದೆ

ಹಳದಿ ಎಂದ ತಕ್ಷಣ ಗೊಬ್ಬರದ ಡಬ್ಬಿಗೆ ಕೈ ಹಾಕಬೇಡಿ. ಎಲ್ಲಿ ಹಳದಿ ಎಂದು ನೋಡಿ.

ಕೆಳಗಿನ ಹಳೆ ಎಲೆಗಳು ಒಂದೇ ಸಮನೆ ತಿಳಿ ಹಳದಿಯಾಗಿ, ಮೇಲಿನವು ಹಸಿರಾಗಿದ್ದರೆ ಸಾರಜನಕದ ಕೊರತೆ. ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ ಕೊಟ್ಟು ಹತ್ತು ದಿನ ಕಾಯಿರಿ.

ತುದಿಯ ಎಳೆ ಎಲೆ ಹಳದಿ, ನರ ಮಾತ್ರ ಹಸಿರು, ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆ: ಇದು ಬೋರ್‌ವೆಲ್ ನೀರಿನ ಗುರುತು. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾಗಿ, ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಮಳೆನೀರು ಹಿಡಿದಿಟ್ಟುಕೊಂಡಿದ್ದರೆ ಎರಡು ಮೂರು ಸಲ ಧಾರಾಳವಾಗಿ ಹಾಯಿಸಿ, ತೂತಿನಿಂದ ಹರಿದು ಹೋಗಲಿ. ಬೇಗ ಹಸಿರಾಗಬೇಕಾದರೆ ಲೀಟರು ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ತಾರಸಿಯ ಟೈಲಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕುಂಡವನ್ನು ಪಕ್ಕಕ್ಕೆ ಸರಿಸಿಕೊಂಡು ಸಿಂಪಡಿಸಿ.

ಹಳದಿ ಗಿಡದ ಒಂದೇ ಮಗ್ಗುಲಲ್ಲಿದ್ದರೆ ಇಲ್ಲಿ ನಿಲ್ಲಬೇಡಿ, ನೇರ ಮುಂದಿನ ಭಾಗಕ್ಕೆ ಬನ್ನಿ.

ದೊಡ್ಡ ಗಿಡ ಬಾಡಿ ತಲೆ ಬಾಗಿಸಿದೆ

ಬಾಡಿದ ಗಿಡ ಕಂಡರೆ ಎಲ್ಲರೂ ಮಾಡುವ ಮೊದಲ ಕೆಲಸ ನೀರು ಹಾಕುವುದು. ಅರ್ಧದಷ್ಟು ಗಿಡಗಳಿಗೆ ಅದೇ ಕೊನೆಯ ಪೆಟ್ಟು. ಬಾಡುವುದು ಎಂದರೆ ಎಲೆಗೆ ನೀರು ತಲುಪುತ್ತಿಲ್ಲ ಎಂದಷ್ಟೇ ಅರ್ಥ. ಮಣ್ಣಿನಲ್ಲಿ ನೀರಿಲ್ಲ ಎಂದಲ್ಲ.

ಹೊತ್ತು ನೋಡಿ. ಮಧ್ಯಾಹ್ನ ಬಾಡಿ ಸಂಜೆ ಆರರ ಹೊತ್ತಿಗೆ ತಾನೇ ಎದ್ದು ನಿಂತರೆ ಅದು ಬಿಸಿಲಿನ ಬಳಲಿಕೆ, ರೋಗವಲ್ಲ. ಬೆಳಗ್ಗೆ ಏಳಕ್ಕೂ ಬಾಡಿಯೇ ಇದ್ದರೆ ಗಂಭೀರ.

ಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರೇ ಮದ್ದು. ಆದರೆ ಒಮ್ಮೆ ಪೂರ್ತಿ ಒಣಗಿದ ಕೋಕೋಪಿಟ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸುರಿದದ್ದು ಕುಂಡದ ಗೋಡೆಗುಂಟ ಇಳಿದು ಹೊರಗೆ ಹೋಗುತ್ತದೆ. ಅಂಥ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧದವರೆಗೆ ಮುಳುಗಿಸಿ ಅರ್ಧ ಗಂಟೆ ಇಡಿ.

ಮಣ್ಣು ಒದ್ದೆಯಿದೆ, ಗಿಡ ಬಾಡಿದೆ ಎಂದಾದರೆ ನೀರು ನಿಲ್ಲಿಸಿ ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸಿ. ಕುಂಡ ಎತ್ತಿ ತೂತು ಮುಚ್ಚಿದೆಯೇ ನೋಡಿ, ಕಡ್ಡಿ ಹಾಕಿ ಬಿಡಿಸಿ. ಗಿಡವನ್ನು ಮೆಲ್ಲಗೆ ಮೇಲಕ್ಕೆಳೆಯಿರಿ. ಬೇರಿಲ್ಲದ ಹಾಗೆ ಸಲೀಸಾಗಿ ಬಂದರೆ ಗೊಣ್ಣೆಹುಳು ತಿಂದಿದೆ, ಮಣ್ಣು ಕೆದಕಿದರೆ ಬೆಳ್ಳಗೆ ಮುರುಟಿಕೊಂಡು ಮಲಗಿರುತ್ತದೆ. ಬುಡದಲ್ಲಿ ಮಣ್ಣಿನ ಮಟ್ಟಕ್ಕೆ ಬಿಳಿ ಹತ್ತಿಯಂಥ ಎಳೆ, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಉಂಡೆ ಕಂಡರೆ ಬುಡ ಕೊಳೆ ರೋಗ. ಆ ಸಾಸಿವೆಗಳೇ ಅದರ ಬೀಜ, ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತವೆ. ಗಿಡವನ್ನು ಅಲ್ಲಾಡಿಸಿ ಉದುರಿಸದೆ, ಮೊದಲು ಚೀಲ ಹೊದಿಸಿ, ಬುಡದ ಮಣ್ಣಿನ ಸಮೇತ ತೆಗೆಯಿರಿ.

ಇನ್ನು ಆಸ್ಟರ್ ಬೆಳೆಯುವವರಿಗೆ ನಿದ್ದೆಗೆಡಿಸುವ ಸೊರಗು ರೋಗ. ಇದರ ಮೊದಲ ಗುರುತು ಗಿಡದ ಒಂದು ಮಗ್ಗುಲು. ಅರ್ಧ ಗಿಡ ಹಸಿರಾಗಿದ್ದು ಇನ್ನರ್ಧ ಹಳದಿಯಾಗಿ ಜೋಲುತ್ತದೆ. ಒಂದೇ ಎಲೆಯ ಎಡಭಾಗ ಬಾಡಿ ಬಲಭಾಗ ಚೆನ್ನಾಗಿರುವುದೂ ಉಂಟು. ಮೊಗ್ಗು ಬಿಡುವ ಹೊತ್ತಿಗೇ ಇದು ಹೆಚ್ಚು ಕಾಣಿಸುವುದರಿಂದ ಮೂರು ತಿಂಗಳ ಆರೈಕೆ ನೀರಲ್ಲಿ ಹೋಮ.

ಖಚಿತಪಡಿಸಿಕೊಳ್ಳಲು ಚಾಕು ಬೇಕು. ಬಾಡಿದ ಗಿಡದ ಕಾಂಡವನ್ನು ಬುಡದಿಂದ ಎರಡು ಇಂಚು ಮೇಲೆ ಓರೆಯಾಗಿ ಕತ್ತರಿಸಿ, ಕಡಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಆರೋಗ್ಯವಂತ ಕಾಂಡ ಒಳಗೆ ತಿಳಿಹಸಿರು ಕಲೆತ ಬಿಳಿ. ಸೊರಗು ರೋಗವಿದ್ದರೆ ಸಿಪ್ಪೆಗೂ ತಿರುಳಿಗೂ ನಡುವೆ ಡಿಕಾಕ್ಷನ್ ಬಣ್ಣದ ಉಂಗುರ ಅಥವಾ ಅರ್ಧ ಉಂಗುರ ಕಾಣುತ್ತದೆ. ಗಿಡದಲ್ಲಿ ನೀರು ಹರಿಯುವ ನಾಳಗಳು ಇರುವ ಜಾಗ ಅದು. ಶಿಲೀಂಧ್ರ ಬೇರಿನಿಂದ ಹೊಕ್ಕು ಅವನ್ನು ಕಟ್ಟಿಬಿಟ್ಟಿರುತ್ತದೆ. ಅದಕ್ಕೇ ಒಂದು ಮಗ್ಗುಲಿನ ನಾಳ ಕಟ್ಟಿದರೆ ಒಂದು ಮಗ್ಗುಲು ಮಾತ್ರ ಬಾಡುವುದು. ಕತ್ತರಿಸಿದ ತುಂಡಿನ ಸಿಪ್ಪೆಯನ್ನು ಉಗುರಿನಿಂದ ಸುಲಿದರೆ ಕಂದು ಗೀರುಗಳು ಮೇಲಕ್ಕೆ ಹೋಗಿರುವುದು ಕಾಣುತ್ತದೆ. ತೇವ ಹೆಚ್ಚಿದ್ದ ದಿನಗಳಲ್ಲಿ ಬುಡದ ಹೊರಗೂ ಗುಲಾಬಿ ಛಾಯೆಯ ಪುಡಿ ಕಟ್ಟಬಹುದು.

ಉಂಗುರ ಕಂಡಿತೇ? ಹಾಗಾದರೆ ಆ ಗಿಡದ ಮೇಲೆ ಇನ್ನು ಒಂದು ರೂಪಾಯಿ ಖರ್ಚು ಮಾಡಬೇಡಿ. ನಾಳದೊಳಗೆ ಹೊಕ್ಕ ಶಿಲೀಂಧ್ರವನ್ನು ಮೇಲಿನಿಂದ ಸಿಂಪಡಿಸಿ ಕೊಲ್ಲುವುದು ಆಗದ ಮಾತು. ಕಿತ್ತು, ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ. ಕಾಂಪೋಸ್ಟ್ ಡಬ್ಬಿಗೆ ಹಾಕಿದರೆ ಮುಂದಿನ ವರ್ಷದ ರೋಗವನ್ನು ನೀವೇ ಸಾಕಿದಂತೆ. ಚಾಕು, ಕೈದೋಟದ ಗುದ್ದಲಿಯನ್ನು ಸಾಬೂನು ನೀರಿನಲ್ಲಿ ತೊಳೆದು, ಸ್ಪಿರಿಟ್ ಒರೆಸಿ.

ಮಣ್ಣಿನ ವಿಚಾರಕ್ಕೆ ಬಂದರೆ, ಈ ಶಿಲೀಂಧ್ರ ಆಸ್ಟರ್ ಇಲ್ಲದೆಯೂ ಮಣ್ಣಿನಲ್ಲಿ ಹಲವು ವರ್ಷ ಬದುಕಿರುತ್ತದೆ. ಆ ಕುಂಡದ ಮಣ್ಣಿಗೆ ಮತ್ತೆ ಆಸ್ಟರ್ ಬೇಡ. ಈ ತಳಿ ಶಿಲೀಂಧ್ರಕ್ಕೆ ಆಸ್ಟರ್ ಮೇಲೇ ಕಣ್ಣು, ಹಾಗಾಗಿ ಅದೇ ಮಣ್ಣಿನಲ್ಲಿ ಸೊಪ್ಪು, ಚೆಂಡುಹೂ ಬೆಳೆಯಲು ಅಡ್ಡಿಯಿಲ್ಲ. ನೆಲದ ಮಡಿಯಾಗಿದ್ದು ಬೇರೆ ಜಾಗವಿಲ್ಲದಿದ್ದರೆ ಏಪ್ರಿಲ್-ಮೇ ಬಿಸಿಲನ್ನು ಬಳಸಿಕೊಳ್ಳಿ. ಮಡಿಯನ್ನು ಅಗೆದು ಸಮ ಮಾಡಿ, ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳಿಗೆ ಮಣ್ಣು ಮೆತ್ತಿ, ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಇಷ್ಟು ಕಾಯುವುದಿಲ್ಲ. ಇದರಿಂದ ರೋಗ ತಗ್ಗುತ್ತದೆ, ಬೇರುಸಹಿತ ಹೋಗುವುದಿಲ್ಲ. ಆಮೇಲೆ ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಸೇರಿಸಿ.

ಸೊರಗು ಬಂದ ಗಿಡದಿಂದ ಬೀಜ ಹಿಡಿಯಬೇಡಿ, ಪಕ್ಕದ ಚೆನ್ನಾಗಿರುವ ಗಿಡದಿಂದಲೂ ಬೇಡ. ರೋಗ ಬೀಜದ ಮೇಲೂ ಕೂತು ಬರುತ್ತದೆ.

ಹೂ ಹಸಿರಾಗಿದೆ, ದಳದ ಜಾಗದಲ್ಲಿ ಎಲೆ

ಕೆಲವು ಗಿಡದಲ್ಲಿ ಮೊಗ್ಗು ಅರಳಿದಾಗ ಬಣ್ಣವೇ ಬರದೆ ಹಸಿರು ಕುಚ್ಚಾಗುತ್ತದೆ. ಎಲೆಗಳು ಬಿಳಚಿಕೊಂಡು, ಗಂಟುಗಂಟಿನಿಂದ ಬಡಕಲು ಕವಲುಗಳು ಪೊರಕೆಯ ಹಾಗೆ ಹೊರಡುತ್ತವೆ. ತಳಿ ವಿಶೇಷ ಎಂದುಕೊಂಡು ಉಳಿಸಿಕೊಳ್ಳುವವರಿದ್ದಾರೆ. ಇದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಹಳದಿ ರೋಗ. ಜಿಗಿಹುಳು ರಸ ಹೀರುವಾಗ ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ. ಮದ್ದಿಲ್ಲ. ಕಂಡ ದಿನವೇ ಕೀಳಿ, ಸುತ್ತಲ ಕಳೆಯನ್ನೂ ಕೀಳಿ, ಏಕೆಂದರೆ ರೋಗ ಕಳೆಯಲ್ಲಿ ಅಡಗಿರುತ್ತದೆ. ಸಮಾಧಾನದ ಸಂಗತಿ ಎಂದರೆ ಇದು ಮಣ್ಣಿನಿಂದ ಬರುವುದಿಲ್ಲ, ಅದೇ ಕುಂಡಕ್ಕೆ ಹೊಸ ಸಸಿ ನೆಡಬಹುದು. ಒಂದೋ ಎರಡೋ ಗಿಡಕ್ಕೆ ಬಂದರೆ ಎದೆಗುಂದಬೇಕಿಲ್ಲ, ಉಳಿದವು ಹೂ ಬಿಡುತ್ತವೆ.

ಎಲೆ, ಮೊಗ್ಗಿನ ಮೇಲಿನ ಸಣ್ಣಪುಟ್ಟ ಕಾಟ

ಎಲೆ ಮೇಲೆ ಧೂಳಿನಂಥ ಸಣ್ಣ ಬಿಳಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ: ಬಿಳಿ ಹಾಳೆ ಹಿಡಿದು ಎಲೆ ತಟ್ಟಿ, ಓಡಾಡುವ ಚುಕ್ಕಿ ಕಂಡರೆ ಕೆಂಪು ನುಸಿ. ಎಲೆಯ ಅಡಿಗೆ ನೀರಿನ ಧಾರೆ ಹಿಡಿದರೇ ಮುಕ್ಕಾಲು ಪಾಲು ಹೋಗುತ್ತದೆ. ಕುಡಿಗೆ ಹೇನು ಮುತ್ತಿದ್ದರೂ ಮೊದಲು ನೀರೇ. ದಳದ ಮೇಲೆ ಗೀರು, ಬಣ್ಣ ಮಾಸಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳು. ಇವಕ್ಕೆಲ್ಲ ಲೀಟರಿಗೆ 3ರಿಂದ 5 ಮಿಲಿ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪು ದ್ರಾವಣ, ಸಂಜೆ ಹೊತ್ತು, ಮೊದಲು ಒಂದು ಗಿಡಕ್ಕೆ ಹೊಡೆದು ಎರಡು ದಿನ ನೋಡಿ. ಮೊಗ್ಗಿನಲ್ಲಿ ದುಂಡನೆ ತೂತಿದ್ದರೆ ಒಳಗೆ ಕಾಯಿಕೊರಕ ಇರುತ್ತದೆ, ಮೊಗ್ಗನ್ನೇ ಚಿವುಟಿ ಸಾಬೂನು ನೀರಿಗೆ ಹಾಕಿ.

ಎಲೆಯ ಮೇಲೆ ವಿಭೂತಿ ಎರಚಿದಂತಿದ್ದರೆ ಬೂದಿ ರೋಗ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ, ಸುಡುವ ಬಿಸಿಲಿನಲ್ಲೂ ಬೇಡ. ಎರಡೂ ಎಲೆ ಸುಡುತ್ತವೆ.

ಹೂ ಬಂತು, ಹಬ್ಬ ಕಳೆದ ಮೇಲೆ

ಇದು ರೋಗವಲ್ಲ, ಲೆಕ್ಕದ ತಪ್ಪು. ಹಬ್ಬದಿಂದ 110-120 ದಿನ ಹಿಂದಕ್ಕೆ ಎಣಿಸಿ ಬಿತ್ತಬೇಕು. ಅಕ್ಟೋಬರ್ ನಡುವಿನ ದಸರಾಕ್ಕೆ ಜೂನ್ ಮೂರನೇ ವಾರದೊಳಗೆ ಬೀಜ ಮಣ್ಣಿಗೆ ಬೀಳಬೇಕು. ಆಗಸ್ಟಿನ ವರಮಹಾಲಕ್ಷ್ಮಿಗೆ ಬೇಕೆಂದರೆ ಏಪ್ರಿಲಿನ ಉರಿಯಲ್ಲಿ ಬಿತ್ತಬೇಕಾಗುತ್ತದೆ, ಮೇಲೆ ಹೇಳಿದ ನೆರಳಿನ ಮಾತು ಆಗ ನೆನಪಿರಲಿ. ಕುಡಿ ಚಿವುಟಿದರೆ ಹೂ ಹೆಚ್ಚು, ಆದರೆ ಕೆಲವು ದಿನ ತಡ. ಹಬ್ಬ ಹತ್ತಿರವಿದ್ದರೆ ಚಿವುಟದೆ ಬಿಡಿ, ಸಂಖ್ಯೆ ಕಡಿಮೆಯಾದರೂ ದೇವರ ಮುಡಿಗೆ ಹೊತ್ತಿಗೆ ಸಿಗುತ್ತದೆ.

ಮೊದಲ ಹೂಗಳು ಮುಗಿದ ಮೇಲೆ ಗಿಡ ಒಣಗತೊಡಗಿದರೆ ಗಾಬರಿ ಬೇಡ. ಅದರ ಆಯುಸ್ಸು ಅಷ್ಟೇ. ಬೀಜಕ್ಕೆಂದು ಎರಡು ಚೆಂದದ ಹೂ ಬಿಟ್ಟು, ನಡುಭಾಗ ಕಂದಾಗಿ ಬಿಳಿ ಕೂದಲು ಕಂಡಾಗ ಕಿತ್ತು, ನೆರಳಲ್ಲಿ ಒಣಗಿಸಿ. ಕಾಗದದ ಪೊಟ್ಟಣದಲ್ಲಿ ಕಟ್ಟಿ, ಒಣ ಅಕ್ಕಿ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅರೆಗೆ ಸೇರಿಸಿ.

ಔಷಧಿ ಮುಟ್ಟುವ ಮೊದಲು

ಇಲ್ಲಿ ಹೇಳಿದ ಪ್ರಮಾಣಕ್ಕೂ ಪೊಟ್ಟಣದ ಮೇಲಿನದಕ್ಕೂ ವ್ಯತ್ಯಾಸ ಬಂದರೆ ಪೊಟ್ಟಣದ್ದೇ ಅಂತಿಮ. ಗುಲಾಬಿ, ನೀಲಿ ಬಣ್ಣ ಬಳಿದ ಬೀಜ ಎಂದರೆ ಔಷಧಿ ಲೇಪಿಸಿದ ಬೀಜ, ಮಕ್ಕಳ ಕೈಗೆ ಸಿಗದಿರಲಿ, ಬಿತ್ತಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ತಾಮ್ರ, ಗಂಧಕ ಕಲೆಸುವಾಗ ಕೈಗವಸು, ಮೂಗಿಗೆ ಮಾಸ್ಕ್, ಗಾಳಿಗೆ ಬೆನ್ನು. ಅಡುಗೆಯ ಚಮಚ, ಲೋಟ ಅಳತೆಗೆ ಬಳಸಬೇಡಿ. ಉಳಿದ ದ್ರಾವಣವನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವುದು ಪ್ರಾಣಕ್ಕೆ ಎರವಾಗುವ ಅಭ್ಯಾಸ. ಬಾಯಿಗೆ ಹೋದರೆ ವಾಂತಿ ಮಾಡಿಸಲು ಹೋಗದೆ, ಪೊಟ್ಟಣವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ಹೂ ಅರಳಿದ ಗಿಡಕ್ಕೆ ಜೇನ್ನೊಣ ಬರುವ ಹೊತ್ತಿನಲ್ಲಿ ಏನನ್ನೂ ಸಿಂಪಡಿಸಬೇಡಿ.

ಯಾವಾಗ ಕೈಬಿಟ್ಟು ಬಲ್ಲವರನ್ನು ಕೇಳಬೇಕು

ಒಂದೇ ವಾರದಲ್ಲಿ ಮೂರನೇ ಒಂದು ಭಾಗ ಗಿಡ ಬಾಡಿದ್ದು ಕಾಂಡದಲ್ಲಿ ಉಂಗುರವೂ ಇಲ್ಲ, ಬುಡದಲ್ಲಿ ಬಿಳಿ ಎಳೆಯೂ ಇಲ್ಲ ಎಂದರೆ ಊಹಿಸುವುದನ್ನು ಸಾಕು ಮಾಡಿ. ಎರಡು ಸಲ ಸಿಂಪಡಿಸಿಯೂ ಹಿಡಿತಕ್ಕೆ ಬಾರದಿದ್ದರೂ ಅಷ್ಟೇ, ಮೂರನೇ ಔಷಧಿ ಕೊಳ್ಳಬೇಡಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿ, ಬೆಂಗಳೂರಿನವರಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಇವೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಕೇಳಬಹುದು.

ಮಾದರಿ ಒಯ್ಯುವಾಗ ಸತ್ತು ಒಣಗಿದ ಗಿಡ ಬೇಡ, ಅದರಲ್ಲಿ ಕಾರಣ ಕಾಣುವುದಿಲ್ಲ. ಈಗಷ್ಟೇ ಬಾಡತೊಡಗಿದ ಒಂದು, ಚೆನ್ನಾಗಿರುವ ಒಂದು, ಎರಡನ್ನೂ ಬೇರು ಹರಿಯದಂತೆ ಮಣ್ಣಿನ ಹೆಂಟೆ ಸಮೇತ ಎತ್ತಿ, ಬೇರನ್ನು ಒದ್ದೆ ಬಟ್ಟೆಯಲ್ಲೂ ಎಲೆಯನ್ನು ಒಣ ಪತ್ರಿಕೆಯಲ್ಲೂ ಸುತ್ತಿ, ಅದೇ ದಿನ ತಲುಪಿಸಿ. ಬಿತ್ತಿದ ದಿನಾಂಕ, ಹಾಕಿದ ಗೊಬ್ಬರ, ಹೊಡೆದ ಔಷಧಿ, ಆ ಮಣ್ಣಿನಲ್ಲಿ ಹಿಂದಿನ ವರ್ಷ ಏನಿತ್ತು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಅಲ್ಲಿ ಮೊದಲು ಕೇಳುವುದು ಆ ಕೊನೆಯ ಪ್ರಶ್ನೆಯನ್ನೇ.